ವೈಜ್ಞಾನಿಕ ಹೆಸರುಗಳನ್ನು ಉರು ಹೊಡೆಯದೆ ಕಲಿಯುವ ದಾರಿ ಇದೆಯಾ?

ಮಧುಗಿರಿ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಫಸ್ಟ್ ಪಿಯುಸಿ ಸೇರಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಫಿಸಿಕ್ಸು, ಮ್ಯಾಥ್ಸು ಹೇಗೋ ಹಿಡಿತಕ್ಕೆ ಬಂತು. ಬಯಾಲಜಿಯಲ್ಲಿ ಗಿಡ, ಪ್ರಾಣಿಗಳ ವೈಜ್ಞಾನಿಕ ಹೆಸರು ಬಂದ ಕೂಡಲೇ ಸೋತುಹೋಗುತ್ತಾಳೆ. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ನೀರು ಕುಡಿಯಲು ಎದ್ದೆ. ಅವಳು ಒಂದೇ ಹೆಸರನ್ನು ಪುಟದ ತುಂಬಾ ಬರೆಯುತ್ತಾ ಕೂತಿದ್ದಳು. ಪೆರಿಪ್ಲಾನೆಟಾ ಅಮೆರಿಕಾನಾ, ಪೆರಿಪ್ಲಾನೆಟಾ ಅಮೆರಿಕಾನಾ...

"ಏನಮ್ಮ ಇದು?" ಅಂದೆ. "ಜಿರಲೆ" ಅಂದಳು. "ಹಾಗಂದ್ರೆ ಏನರ್ಥ?" ಅಂದೆ. "ಅರ್ಥ ಗಿರ್ಥ ಏನೂ ಇಲ್ಲಪ್ಪ, ಬಾಯಿಪಾಠ ಮಾಡ್ಬೇಕು ಅಷ್ಟೇ" ಅಂದಳು.

ನಾನು ಓದಿದ್ದು ಬಿ.ಎ. ಆದರೂ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಹೆಸರು ಇಟ್ಟವರು ಸುಮ್ನೆ ಇಟ್ಟಿರುತ್ತಾರಾ? ಅದರೊಳಗೆ ಏನಾದರೂ ಇರಬೇಕು ಅಲ್ವಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಅವಳ ಪಟ್ಟಿಯಲ್ಲಿ ಮ್ಯಾಂಜಿಫೆರಾ ಇಂಡಿಕಾ, ಸೊಲಾನಮ್ ಟ್ಯೂಬೆರೋಸಮ್, ಮಸ್ಕಾ ಡೊಮೆಸ್ಟಿಕಾ, ಟ್ರಿಟಿಕಂ ಈಸ್ಟಿವಂ ಕೂಡ ಇವೆ.

ದೂರ್ಬೀನು
ಖಂಡಿತ ಅರ್ಥ ಇದೆ ಸಾರ್. ಗ್ರೀಕಿನಲ್ಲಿ ಪೆರಿ ಅಂದರೆ ಸುತ್ತಮುತ್ತ. ಪ್ಲಾನೆಟೆಸ್ ಅಂದರೆ ಅಲೆಯುವವನು. ಆಕಾಶದಲ್ಲಿ ಅಲೆಯುವ ಗ್ರಹಕ್ಕೆ ಪ್ಲಾನೆಟ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಪೆರಿಪ್ಲಾನೆಟಾ ಎಂದರೆ ಸುತ್ತಮುತ್ತ ಅಲೆದಾಡುವುದು. ರಾತ್ರಿ ಅಡುಗೆಮನೆ ಲೈಟ್ ಹಾಕಿದಾಗ ಜಿರಲೆ ಮಾಡುವುದೇ ಅದು.

ಮಿಕ್ಕವೂ ಸುಲಭ. ಮಸ್ಕಾ ಡೊಮೆಸ್ಟಿಕಾ, ಮನೆಯ ನೊಣ. ಟ್ಯೂಬೆರೋಸಮ್, ಗೆಡ್ಡೆ ಇರುವುದು, ಅಂದರೆ ಆಲೂಗಡ್ಡೆ. ಟ್ರಿಟಿಕಂ ಅಂದರೆ ಗೋಧಿ, ಈಸ್ಟಿವಂ, ಬೇಸಿಗೆಯದು.

ರ‍್ಯಾಂಕ್ ಗುರಿ
ಸಾರ್, ನೇರವಾಗಿ ಹೇಳ್ತೀನಿ, ತಪ್ಪು ತಿಳಿಯಬೇಡಿ. ನಾನು ಮೂರು ವರ್ಷದಿಂದ ನೀಟ್ ಮಕ್ಕಳಿಗೆ ಪಾಠ ಮಾಡ್ತಿದ್ದೀನಿ. ಪರೀಕ್ಷೆಯಲ್ಲಿ ಗ್ರೀಕ್ ಅರ್ಥ ಕೇಳಲ್ಲ. ಟೈಮ್ ಕಮ್ಮಿ, ಪೋರ್ಷನ್ ಜಾಸ್ತಿ. ಚೀಟಿ ಮಾಡಿ ಗೋಡೆಗೆ ಅಂಟಿಸಿ, ದಿನಕ್ಕೆ ಐದು ಹೆಸರು ಬಾಯಿಪಾಠ ಮಾಡಿಸಿ. ಅರ್ಥ ಹುಡುಕಿಕೊಂಡು ಹೋದರೆ ಮಗು ದಾರಿ ತಪ್ಪುತ್ತೆ. ಅಷ್ಟಕ್ಕೂ ಅಮೆರಿಕಾನಾ ಅಂತ ಇದ್ದರೂ ಆ ಜಿರಲೆ ಮೂಲತಃ ಅಮೆರಿಕದ್ದಲ್ಲ, ಆಫ್ರಿಕಾ ಕಡೆಯದು. ಅರ್ಥ ನಂಬಿದರೆ ತಪ್ಪು ಉತ್ತರ ಬರೆಯುತ್ತಾಳೆ.

ಸಮಾಸದ ಮೇಷ್ಟ್ರು
ಬಾಯಿಪಾಠವೇ ಸರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ. ಮಧುಗಿರಿಯವರೇ, ನಿಮ್ಮ ಮಗಳಿಗೆ ಈ ವಿದ್ಯೆ ಆಗಲೇ ಗೊತ್ತಿದೆ. ಒಂಬತ್ತನೇ, ಹತ್ತನೇ ತರಗತಿಯಲ್ಲಿ ಸಮಾಸ ಬಿಡಿಸಿದ್ದಾಳಲ್ಲ, ಅದೇ ಇದು.

ಬಹುವ್ರೀಹಿ ಸಮಾಸವನ್ನು ನೆನಪು ಮಾಡಿಸಿ. ಮೂರು ಕಣ್ಣು ಉಳ್ಳವನು ಯಾವನೋ ಅವನು ಮುಕ್ಕಣ್ಣ. ನಿಡಿದಾದ ಮೂಗು ಉಳ್ಳವನು ಯಾವನೋ ಅವನು ನಿಡುಮೂಗ. ಈಗ ಘೇಂಡಾಮೃಗದ ಹೆಸರು ನೋಡಿ, ರೈನೋಸೆರಾಸ್ ಯುನಿಕಾರ್ನಿಸ್. ಗ್ರೀಕಿನಲ್ಲಿ ರಿನೋಸ್ ಅಂದರೆ ಮೂಗಿನ, ಕೆರಾಸ್ ಅಂದರೆ ಕೊಂಬು. ಮೂಗಿನ ಮೇಲೆ ಕೊಂಬು ಉಳ್ಳದ್ದು ಯಾವುದೋ ಅದು ರೈನೋಸೆರಾಸ್. ಲ್ಯಾಟಿನ್ನಿನಲ್ಲಿ ಯೂನಸ್ ಅಂದರೆ ಒಂದು, ಕಾರ್ನು ಅಂದರೆ ಕೊಂಬು. ಒಂದು ಕೊಂಬು ಉಳ್ಳದ್ದು ಯಾವುದೋ ಅದು ಯುನಿಕಾರ್ನಿಸ್. ಮುಕ್ಕಣ್ಣನಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಹೆಸರನ್ನು ಇಡಿಯಾಗಿ ನುಂಗಬಾರದು. ಬಿಡಿಸಬೇಕು, ವಿಗ್ರಹವಾಕ್ಯ ಬರೆಯಬೇಕು. ಮೂವತ್ತು ನಲವತ್ತು ಬಿಡಿ ಪದ ಕಲಿತರೆ ನೂರಾರು ಹೆಸರು ತಾವಾಗಿಯೇ ಬಾಯಿ ಬಿಡುತ್ತವೆ.

ದೂರ್ಬೀನು
ಮೇಷ್ಟ್ರೇ, ಅದ್ಭುತ! ಹತ್ತು ವರ್ಷದಿಂದ ಹಕ್ಕಿ ನೋಡ್ತಿದ್ದೀನಿ, ಹೀಗೆ ಯೋಚಿಸಿರಲಿಲ್ಲ. ದಾಂಡೇಲಿಯ ದೊಡ್ಡ ಮಂಗಟ್ಟೆ ಹಕ್ಕಿ ಬ್ಯುಸೆರಾಸ್ ಬೈಕಾರ್ನಿಸ್. ಬೌಸ್ ಅಂದರೆ ದನ, ಕೆರಾಸ್ ಕೊಂಬು. ಎತ್ತಿನ ಕೊಂಬು ಉಳ್ಳದ್ದು, ಮತ್ತೆ ಎರಡು ಕೊಂಬು ಉಳ್ಳದ್ದು. ಕೊಕ್ಕಿನ ಮೇಲಿನ ಹಳದಿ ಶಿರಸ್ತ್ರಾಣದ ಮುಂದಿನ ತುದಿ ಎರಡು ಕವಲಾಗಿ ಕಾಣುತ್ತೆ. ಎರಡು ಪದದ ಹೆಸರಿನ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಇಟ್ಟ ಹೆಸರು.

ಇನ್ನೊಂದು ಕಾಜಾಣ. ಡೈಕ್ರೂರಸ್ ಮ್ಯಾಕ್ರೊಸೆರ್ಕಸ್. ಡಿಕ್ರೋಸ್ ಕವಲು, ಔರಾ ಬಾಲ. ಮ್ಯಾಕ್ರೋಸ್ ಉದ್ದ, ಕೆರ್ಕೋಸ್ ಅಂದರೂ ಬಾಲ. ಕವಲುಬಾಲದ ಉದ್ದಬಾಲದ್ದು. ವೈರ್ ಮೇಲೆ ಕೂತ ಕಾಜಾಣ ನೋಡಿದವರಿಗೆ ಇದಕ್ಕಿಂತ ಒಳ್ಳೆ ವಿವರಣೆ ಬೇಕಾ?

ಕಾಡುದಾರಿ
ಕೊಂಡುಕುರಿ ಬಿಟ್ರಲ್ಲ! ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್. ಮೊದಲ ಪದ ಗ್ರೀಕಿನಲ್ಲಿ 'ನಾಲ್ಕು ಕೊಂಬಿನದು'. ಎರಡನೆಯದು ಲ್ಯಾಟಿನ್ನಿನಲ್ಲಿ 'ನಾಲ್ಕು ಕೊಂಬಿನದು'. ಎರಡು ಭಾಷೆಯಲ್ಲಿ ಒಂದೇ ಮಾತು. ಅದರಲ್ಲೂ ಕೊಂಬು ಇರುವುದು ಗಂಡಿಗೆ ಮಾತ್ರ.

ಬಯಾಲಜಿ ಮೇಡಂ
ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಮೇಷ್ಟ್ರ ಮಾತಿಗೆ ಒಂದು ಸೇರಿಸಬೇಕು. ಮಕ್ಕಳು ಅರ್ಧ ಅಂಕ ಕಳೆದುಕೊಳ್ಳುವುದು ಬೇರಿನಲ್ಲಲ್ಲ, ಬಾಲದಲ್ಲಿ. ಸಟೈವಸ್, ಸಟೈವಾ, ಸಟೈವಂ ಮೂರನ್ನೂ ಕಲಸಿಬಿಡುತ್ತಾರೆ.

ಮೂರಕ್ಕೂ ಅರ್ಥ ಒಂದೇ, 'ಬಿತ್ತಿ ಬೆಳೆದ'. ಅಡುಗೆಮನೆಗೆ ಹೋಗಿ. ಸೌತೆಕಾಯಿ ಕ್ಯುಕ್ಯುಮಿಸ್ ಸಟೈವಸ್. ಮೂಲಂಗಿ ರಫಾನಸ್ ಸಟೈವಸ್. ಅಕ್ಕಿ ಒರೈಜಾ ಸಟೈವಾ. ಬೆಳ್ಳುಳ್ಳಿ ಅಲಿಯಂ ಸಟೈವಂ. ಕೊತ್ತಂಬರಿ ಕೊರಿಯಾಂಡ್ರಮ್ ಸಟೈವಂ. ಸೆಕೆಂಡ್ ಪಿಯುಸಿಯಲ್ಲಿ ಬರುವ ಮೆಂಡೆಲ್‌ನ ಬಟಾಣಿಯೂ ಪೈಸಂ ಸಟೈವಂ.

ಬಾಲ ಯಾಕೆ ಬದಲಾಗುತ್ತೆ? ಕನ್ನಡದಲ್ಲಿ ದೊಡ್ಡವನು, ದೊಡ್ಡವಳು, ದೊಡ್ಡದು ಅಂತೀವಲ್ಲ, ಅದೇ. ಲ್ಯಾಟಿನ್ನಿನಲ್ಲಿ ವಸ್ತುಗಳಿಗೂ ಲಿಂಗ ಇದೆ. ಮೊದಲ ಪದ ಪುಲ್ಲಿಂಗವಾದರೆ 'ಅಸ್', ಸ್ತ್ರೀಲಿಂಗವಾದರೆ 'ಆ', ನಪುಂಸಕವಾದರೆ 'ಅಂ'. ಎರಡನೇ ಪದ ಮೊದಲನೆಯದರ ಜೊತೆ ಹೆಜ್ಜೆ ಹಾಕಬೇಕು. ಇದನ್ನು ಒಮ್ಮೆ ಬೋರ್ಡ್ ಮೇಲೆ ಬರೆದ ಮೇಲೆ ನನ್ನ ಕ್ಲಾಸಿನಲ್ಲಿ ಅಲಿಯಂ ಸಟೈವಾ ಅಂತ ಬರೆದವರು ತುಂಬಾ ಕಮ್ಮಿ.

ಮೊದಲ ಪದದ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್ ಇರಬೇಕು, ಕೈಯಲ್ಲಿ ಬರೆದರೆ ಎರಡಕ್ಕೂ ಬೇರೆ ಬೇರೆ ಅಡಿಗೆರೆ ಹಾಕಬೇಕು. ಇದನ್ನೂ ಮಗಳಿಗೆ ಹೇಳಿ ಸಾರ್.

ಸಿಟಿಮಾರ್ಕೆಟ್
ಮೇಡಂ, ಒಂದು ಡೌಟು. ಹಾಗಾದ್ರೆ ಅರಳಿ ಮರ ಫೈಕಸ್ ರಿಲಿಜಿಯೋಸಾ ಹೇಗೆ? ಫೈಕಸ್ 'ಅಸ್', ರಿಲಿಜಿಯೋಸಾ 'ಆ'. ಹೆಜ್ಜೆ ತಪ್ಪಿತಲ್ಲ?

ಬಯಾಲಜಿ ಮೇಡಂ
ಒಳ್ಳೇ ಪ್ರಶ್ನೆ! ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಹೆಣ್ಣು. ಬಾಲ 'ಅಸ್' ಇದ್ದರೂ ಫೈಕಸ್ ಸ್ತ್ರೀಲಿಂಗವೇ. ಅದಕ್ಕೇ ಅರಳಿ ರಿಲಿಜಿಯೋಸಾ, ಅತ್ತಿ ರೆಸಿಮೋಸಾ. ಹಲಸು ಮಾತ್ರ ಆರ್ಟೊಕಾರ್ಪಸ್ ಹೆಟೆರೊಫಿಲಸ್, ಪುಲ್ಲಿಂಗ. ಯಾಕೆಂದರೆ 'ಕಾರ್ಪಸ್' ಎಂದು ಮುಗಿಯುವ ಹೆಸರುಗಳನ್ನು ಪುಲ್ಲಿಂಗ ಎಂದೇ ಹಿಡಿಯುತ್ತಾರೆ. ಆರ್ಟೋಸ್ ಅಂದರೆ ರೊಟ್ಟಿ, ಕಾರ್ಪೋಸ್ ಹಣ್ಣು. ಹೆಟೆರೋಸ್ ಬೇರೆ ಬೇರೆ, ಫಿಲ್ಲೋನ್ ಎಲೆ.

ಕೊಪ್ಪದ ತೋಟ
ಈ ಚರ್ಚೆ ನನಗೆ ಎರಡು ವರ್ಷ ಮೊದಲೇ ಸಿಗಬೇಕಿತ್ತು. ತೋಟದ ಅಂಚಿಗೆ ಹೊನ್ನೆ ಹಾಕೋಣ ಅಂತ ಒಂದು ನರ್ಸರಿಗೆ ಫೋನ್ ಮಾಡಿ ನಲವತ್ತು ಸಸಿ ತರಿಸಿದೆ. ನಮ್ಮ ಕಡೆ ಹೊನ್ನೆ ಅಂದರೆ ಗಾಯ ಮಾಡಿದರೆ ಕೆಂಪು ರಸ ಸುರಿಯುವ ಮರ. ಬಂದದ್ದು ಎಣ್ಣೆ ತೆಗೆಯುವ ಸುರಹೊನ್ನೆ. ಅವರ ಕಡೆ ಅದನ್ನೇ ಹೊನ್ನೆ ಅಂತಾರಂತೆ. ಕೇಳಿದರೆ "ನೀವು ಹೊನ್ನೆ ಅಂದ್ರಿ, ನಾವು ಹೊನ್ನೆ ಕೊಟ್ವಿ" ಅಂದರು. ಜಗಳ ಆಡಲೂ ಆಗಲಿಲ್ಲ. ಗುಂಡಿ ತೋಡಿದ ಕೂಲಿ, ಸಾಗಾಟ ಎಲ್ಲ ಹೋಯ್ತು.

ಆಮೇಲೆ ಫಾರೆಸ್ಟ್ರಿ ಓದಿದ ಅಳಿಯ ಹೇಳಿದ. ನಾನು ಕೇಳಿದ್ದು ಟೆರೊಕಾರ್ಪಸ್ ಮಾರ್ಸುಪಿಯಂ, ಬಂದದ್ದು ಕ್ಯಾಲೊಫಿಲಮ್ ಇನೊಫಿಲಮ್. ಟೆರೋನ್ ಅಂದರೆ ರೆಕ್ಕೆ, ಕಾರ್ಪೋಸ್ ಹಣ್ಣು. ಹೊನ್ನೆಯ ಕಾಯಿ ನೋಡಿದ್ದೀರಾ? ನಡುವೆ ಬೀಜ, ಸುತ್ತ ದುಂಡಗೆ ತೆಳು ರೆಕ್ಕೆ. ಇನ್ನೊಂದು ಕ್ಯಾಲೋಸ್ ಫಿಲ್ಲೋನ್, ಚೆಂದದ ಎಲೆ. ಹೆಸರಿನ ಒಳಗೇ ಗುರುತು ಇತ್ತು. ಈಗ ಸಸಿ ಕೊಳ್ಳುವಾಗ ಎರಡು ಪದದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡ್ತೀನಿ.

ಅಂದಹಾಗೆ ನಮ್ಮ ಅಡಿಕೆ ಅರೆಕಾ ಕ್ಯಾಟೆಚು. ಅರೆಕಾ ನಮ್ಮ 'ಅಡಿಕೆ'ಯೇ! ಪೋರ್ಚುಗೀಸರು ಇಲ್ಲಿಂದ ತಗೊಂಡು ಹೋದದ್ದು.

ಕುಂಬಳೆ ಕಡೆಯವ
ಅಣ್ಣ, ಅಡಿಕೆ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಹೆಚ್ಚಿನ ನಿಘಂಟುಗಳು ಅರೆಕಾ ಪದಕ್ಕೆ ಮಲಯಾಳದ 'ಅಡಕ್ಕ' ಮೂಲ ಅಂತ ಕೊಡುತ್ತವೆ. ಪೋರ್ಚುಗೀಸರು ಮೊದಲು ಇಳಿದದ್ದು ಮಲಬಾರಿನಲ್ಲಿ ಅಲ್ವಾ?

ಕೊಪ್ಪದ ತೋಟ
ಅಡಕ್ಕನೂ ಅಡಿಕೆಯೂ ಒಂದೇ ತಾಯಿಯ ಮಕ್ಕಳು ಮಾರಾಯ್ರೆ. ಕನ್ನಡದ ಹಕ್ಕು ಪೂರ್ತಿ ಬಿಟ್ಟುಕೊಡೋದಿಲ್ಲ.

ಕುಂಬಳೆ ಕಡೆಯವ
ಅದು ಸರಿ. ದ್ರಾವಿಡ ಪದ ಅನ್ನೋಣ, ಇಬ್ಬರದ್ದೂ. ಆದರೆ 'ಕ್ಯಾಟೆಚು' ಮಾತ್ರ ಎಡವಟ್ಟು. ಕ್ಯಾಟೆಚು ಅಂದರೆ ಕಾಚು. ಅದು ಬರುವುದು ಕಗ್ಗಲಿ ಮರದಿಂದ, ಅಡಿಕೆಯಿಂದ ಅಲ್ಲ.

ಸಮಾಸದ ಮೇಷ್ಟ್ರು
ಈಗ ನನ್ನ ಇಷ್ಟದ ವಿಷಯಕ್ಕೆ ಬಂದಿರಿ. ಮಾವಿನ ಮ್ಯಾಂಜಿಫೆರಾ ಬಿಡಿಸಿ. ಮ್ಯಾಂಗೋ ಬಂದದ್ದು ಮಲಯಾಳ, ತಮಿಳಿನ 'ಮಾಂಗ', 'ಮಾಂಗಾಯ್' ಕಡೆಯಿಂದ, ಪೋರ್ಚುಗೀಸರ ಬಾಯಿ ಹಾಯ್ದು. 'ಫೆರ್ರೆ' ಲ್ಯಾಟಿನ್, ಹೊರುವುದು. ಮಾಂಗಾಯಿ ಹೊರುವುದು. ಅರ್ಧ ದ್ರಾವಿಡ, ಅರ್ಧ ಲ್ಯಾಟಿನ್. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಹೆಸರೇ ಇದೆ, ಅರಿಸಮಾಸ! ಸಂಸ್ಕೃತ, ಕನ್ನಡ ಸೇರಿಸಿ ಸಮಾಸ ಮಾಡಬಾರದು ಅಂತ ಹಳಬರು ಹೇಳಿದ್ದರು. ಆದರೂ ಜನ 'ಮಳೆಗಾಲ' ಅಂದರು. ಮಳೆ ಕನ್ನಡ, ಕಾಲ ಸಂಸ್ಕೃತ. ಮಳೆ ಏನು ನಿಂತಿತೇ?

ಬಯಾಲಜಿ ಮೇಡಂ
ಮೇಷ್ಟ್ರೇ, ಸಸ್ಯಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯಲ್ಲೂ ಇದೇ ಸಲಹೆ ಇದೆ. ಬೇರೆ ಬೇರೆ ಭಾಷೆಯ ಪದ ಕೂಡಿಸಿ ಹೆಸರು ಕಟ್ಟಬೇಡಿ ಅಂತ. ಆದರೆ ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಅವರ ಅರಿಸಮಾಸವೂ ನಮ್ಮದರ ಹಾಗೇ.

ಸಿಟಿಮಾರ್ಕೆಟ್
ಹುಣಸೆ ನೋಡಿ. ಟ್ಯಾಮರಿಂಡಸ್ ಇಂಡಿಕಾ. ಅರಬ್ಬಿಯ ತಮರ್ ಹಿಂದಿ, ಅಂದರೆ ಹಿಂದೂಸ್ಥಾನದ ಖರ್ಜೂರ. ಅದರ ಮುಂದೆ ಮತ್ತೆ ಇಂಡಿಕಾ. ಹೆಸರಲ್ಲಿ ಎರಡು ಸಲ ಇಂಡಿಯಾ ಇದ್ದರೂ ಮರದ ತವರು ಆಫ್ರಿಕಾ!

ರ‍್ಯಾಂಕ್ ಗುರಿ
ನಾನು ಹೇಳಿದ್ದೂ ಅದೇ ತಾನೇ? ಅರ್ಥ ಸುಳ್ಳು ಹೇಳುತ್ತೆ. ಗೀಜಗ ಪ್ಲೋಸಿಯಸ್ ಫಿಲಿಪೈನಸ್. ಫಿಲಿಪೈನ್ಸ್‌ನ ಕಾಡಲ್ಲಿ ಅದು ಇಲ್ಲವೇ ಇಲ್ಲ. ಸೀಳುನಾಯಿ ಕ್ಯುಯಾನ್ ಆಲ್ಪೈನಸ್. ಆಲ್ಪ್ಸ್ ಬೆಟ್ಟದಲ್ಲಿ ಇಲ್ಲ, ನಾಗರಹೊಳೆಯಲ್ಲಿ ಇದೆ. ಇಂಥ ಹೆಸರುಗಳನ್ನು ಬಿಡಿಸಿದ ಮಗು ಏನು ಕಲಿಯುತ್ತೆ?

ಕಾಡುದಾರಿ
ಕಥೆ ಕಲಿಯುತ್ತೆ ಸಾರ್. ತಪ್ಪಿನ ಹಿಂದೆಯೂ ಒಂದು ಕಾರಣ ಇರುತ್ತೆ. ಆ ಕಾರಣ ಗೊತ್ತಾದರೆ ಹೆಸರು ಜನ್ಮದಲ್ಲಿ ಮರೆಯಲ್ಲ.

ನಮ್ಮ ಕರಡಿಯನ್ನೇ ತಗೊಳ್ಳಿ. ಮೆಲರ್ಸಸ್ ಅರ್ಸೈನಸ್. ಮೆಲ್ ಅಂದರೆ ಜೇನು, ಅರ್ಸಸ್ ಅಂದರೆ ಕರಡಿ. ಜೇನು ಕರಡಿ, ಸರಿ. ಅರ್ಸೈನಸ್ ಅಂದರೆ 'ಕರಡಿಯಂಥದ್ದು'. ಕರಡಿಯನ್ನೇ ಕರಡಿಯಂಥದ್ದು ಅಂತ ಯಾರಾದರೂ ಕರೆಯುತ್ತಾರಾ?

ಕರೆದದ್ದಕ್ಕೆ ಕಾರಣ ಇದೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲೆಂಡಿನ ವಿಜ್ಞಾನಿ ಇದಕ್ಕೆ ಮೊದಲು ಹೆಸರಿಟ್ಟ. ಉದ್ದ ಬಾಗಿದ ಉಗುರು. ಮೇಲಿನ ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲು ಇಲ್ಲ. ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಪ್ರಾಣಿಯ ಜಾತಿ ಇದು ಅಂದುಕೊಂಡ. ಬ್ರಾಡಿಪಸ್ ಅರ್ಸೈನಸ್ ಅಂತ ಇಟ್ಟ. ಬ್ರಾಡಿಸ್ ನಿಧಾನ, ಪೌಸ್ ಕಾಲು. ನಿಧಾನಗಾಲಿನ, ಕರಡಿಯಂಥ ಪ್ರಾಣಿ. ಆಗ ಅದು ಅವನಿಗೆ ಸರಿಯಾಗಿಯೇ ಕಂಡಿತ್ತು. ಇದು ನಿಜಕ್ಕೂ ಕರಡಿ ಅಂತ ಗೊತ್ತಾದ ಮೇಲೆ ಮೊದಲ ಪದ ಬದಲಾಯಿತು. ಎರಡನೆಯದು ಹಾಗೇ ಉಳಿಯಿತು. ಇಂಗ್ಲಿಷಿನವರು ಇವತ್ತಿಗೂ ಇದನ್ನು ಸ್ಲಾತ್ ಬೇರ್ ಅನ್ನುವುದು ಆ ಹಳೆ ತಪ್ಪಿನಿಂದಲೇ.

ದರೋಜಿ ಕರಡಿಧಾಮದಲ್ಲಿ ಸಂಜೆ ಬಂಡೆ ಮೇಲಿಂದ ಕರಡಿ ಇಳಿದು ಬರುವುದನ್ನು ನೋಡುತ್ತಾ ನನ್ನ ತಮ್ಮನ ಮಗನಿಗೆ ಈ ಕಥೆ ಹೇಳಿದ್ದೆ. ಅವನಿಗೆ ಆಗ ಎಂಟು ವರ್ಷ. ಈಗಲೂ ಹೆಸರು ತಪ್ಪದೆ ಹೇಳ್ತಾನೆ. ಸೀಳುನಾಯಿಗೂ ಹಾಗೇ. 1811ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಹೆಸರಿಟ್ಟದ್ದು ರಷ್ಯಾದ ಪೂರ್ವ ತುದಿಯ ಕಡೆಯ ಪ್ರಾಣಿಗೆ. ಆಲ್ಪೈನಸ್ ಅಂದರೆ ಬೆಟ್ಟದ ಸೀಮೆಯದು ಅನ್ನುವ ಅರ್ಥವೂ ಇದೆ.

ದೂರ್ಬೀನು
ಇನ್ನೊಂದು ಸೇರಿಸ್ತೀನಿ. ಪ್ಯಾರಡೈಸಿಯಾ ಅಪೋಡಾ. ನ್ಯೂಗಿನಿ ಕಡೆಯ ಸ್ವರ್ಗದ ಹಕ್ಕಿ. 'ಅ' ಅಂದರೆ ಇಲ್ಲ, ಪೌಸ್ ಅಂದರೆ ಕಾಲು. ಕಾಲಿಲ್ಲದ ಹಕ್ಕಿ! ಅಲ್ಲಿನ ಜನ ಕಾಲು ತೆಗೆದು ಚರ್ಮ ಒಣಗಿಸಿ ಮಾರುತ್ತಿದ್ದರು. ಯುರೋಪಿನಲ್ಲಿ ಅದನ್ನು ನೋಡಿದವರು ಈ ಹಕ್ಕಿ ನೆಲಕ್ಕೆ ಇಳಿಯುವುದೇ ಇಲ್ಲ ಅಂತ ನಂಬಿದ್ದರು.

ಡಬ್ಲಿನ್ ಕನ್ನಡತಿ
ತಪ್ಪು ಅಂತ ಗೊತ್ತಾದ ಮೇಲೂ ಯಾಕೆ ಬದಲಾಯಿಸಲ್ಲ?

ಬಯಾಲಜಿ ಮೇಡಂ
ಬದಲಾಯಿಸುತ್ತಾ ಹೋದರೆ ಹಳೆಯ ಪುಸ್ತಕ, ಹಳೆಯ ದಾಖಲೆ ಯಾವುದೂ ತಾಳೆ ಆಗಲ್ಲ. ಪ್ರಾಣಿಗಳ ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಇದೆ. ಅರ್ಥ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಹೆಸರನ್ನು ತೆಗೆದುಹಾಕುವಂತಿಲ್ಲ. ಮನೆಯಲ್ಲಿ ಕಪ್ಪಗಿರುವ ಮಗಳಿಗೆ ಗೌರಿ ಅಂತ ಇಟ್ಟರೆ ಹೆಸರು ಬದಲಿಸ್ತೀವಾ?

ಹಳ್ಳಿಹೈದ ತಿಪಟೂರು
ಎಲ್ಲ ಸರಿ. ನನ್ನದೊಂದು ನೋವು ಇದೆ. ಸಾವಿರಾರು ವರ್ಷದಿಂದ ಈ ಪ್ರಾಣಿಗಳ ಜೊತೆ ಬದುಕಿದವರು ನಾವು. ಹೆಸರು ಮಾತ್ರ ಗ್ರೀಕ್, ಲ್ಯಾಟಿನ್. ಸೋಲಿಗರು, ಹಾಲಕ್ಕಿಯವರು ಇಟ್ಟ ಹೆಸರು ಯಾಕೆ ಸಾಲದು? ಕಾಳಿಂಗ ಅಂದರೆ ಸಾಕಲ್ಲ, ಓಫಿಯೋಫ್ಯಾಗಸ್ ಯಾಕೆ ಬೇಕು?

ಕಾಡುದಾರಿ
ಅಣ್ಣ, ನಿಮಗೆ ಒಂದು ಸಿಹಿಸುದ್ದಿ. ಪಶ್ಚಿಮ ಘಟ್ಟದ ಕಾಳಿಂಗ ಸರ್ಪದ ಹೆಸರೇ ಈಗ ಓಫಿಯೋಫ್ಯಾಗಸ್ ಕಾಳಿಂಗ! ಮೊದಲು ಎಲ್ಲ ಕಾಳಿಂಗಗಳೂ ಓಫಿಯೋಫ್ಯಾಗಸ್ ಹನ್ನಾ ಎಂಬ ಒಂದೇ ಜಾತಿ ಅಂದುಕೊಂಡಿದ್ದರು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಜೊತೆಯವರು ಇವು ನಾಲ್ಕು ಜಾತಿ ಅಂತ ತೋರಿಸಿ, ನಮ್ಮ ಘಟ್ಟದ್ದಕ್ಕೆ ನಮ್ಮ ಜನ ಕರೆಯುವ ಹೆಸರನ್ನೇ ಇಟ್ಟರು. ಓಫಿಸ್ ಹಾವು, ಫ್ಯಾಗಸ್ ತಿನ್ನುವುದು. ಹಾವು ತಿನ್ನುವ ಕಾಳಿಂಗ. ಆ ಸುದ್ದಿ ಓದಿದ ದಿನ ಕಣ್ಣು ತುಂಬಿ ಬಂತು.

ವಟಗುಟ್ಟುವ ಕಪ್ಪೆ
ಕಪ್ಪೆಗಳ ಕಡೆಯೂ ಬನ್ನಿ. ನಿಕ್ಟಿಬಟ್ರಾಕಸ್ ಕುಂಬಾರ. ನಿಕ್ಟ್ ರಾತ್ರಿ, ಬಟ್ರಾಕೋಸ್ ಕಪ್ಪೆ. ಕುಂಬಾರ ನಮ್ಮ ಕುಂಬಾರನೇ. ಉತ್ತರ ಕನ್ನಡದ ಕತ್ತಲೆಕಾನಿನ ಹೊಳೆಯಲ್ಲಿ ಗಂಡು ಕಪ್ಪೆ ಮುಂಗೈಯಿಂದ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತೆ, ಥೇಟ್ ಮಡಕೆ ಮಾಡುವವರ ಹಾಗೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಇಟ್ಟ ಹೆಸರು.

ಮಂಗಳೂರಿನಲ್ಲಿ ಸಿಕ್ಕ ಪುಟ್ಟ ಕಪ್ಪೆಗೆ 2018ರಲ್ಲಿ ಮೈಕ್ರೊಹೈಲಾ ಕೊಡಿಯಾಲ್ ಅಂತ ಹೆಸರಾಯಿತು. ಮಂಗಳೂರಿನ ಕೊಂಕಣಿ ಹೆಸರು ಕೊಡಿಯಾಲ. ಹೊಸ ಜಾತಿ ಸಿಕ್ಕಾಗ ಯಾವ ಭಾಷೆಯ ಪದವನ್ನಾದರೂ ಇಡಬಹುದು, ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ ಇದ್ದರಾಯಿತು. ಇಂಥ ನಾಮಪದಕ್ಕೆ ಮೇಡಂ ಹೇಳಿದ ಲಿಂಗದ ಕಾಟವೂ ಇಲ್ಲ.

ಹಳ್ಳಿಹೈದ ತಿಪಟೂರು
ಇದು ಗೊತ್ತಿರಲಿಲ್ಲ. ತುಂಬಾ ಖುಷಿ ಆಯ್ತು. ಆದರೂ ಮಿಕ್ಕವಕ್ಕೂ ನಮ್ಮ ಹೆಸರು ಬೇಕು ಅನ್ನೋದನ್ನು ಬಿಡಲ್ಲ.

ಕೊಪ್ಪದ ತೋಟ
ನಮ್ಮ ಹೆಸರು ಮನೆಯಲ್ಲಿ, ತೋಟದಲ್ಲಿ ಖಂಡಿತ ಇರಬೇಕು. ಆದರೆ ಅದೊಂದೇ ಸಾಲದು ಅಂತ ಹೊನ್ನೆ ನನಗೆ ಕಲಿಸಿದೆ. ನಾವು ಕಾಟಿ ಅಂತೀವಿ, ಬೇರೆ ಕಡೆ ಕಾಡುಕೋಣ, ಇನ್ನೊಂದು ಕಡೆ ಕಾಡೆಮ್ಮೆ. ಅದು ಎಮ್ಮೆಯೂ ಅಲ್ಲ, ಕೋಣವೂ ಅಲ್ಲ, ದನದ ಕುಲ. ಬಾಸ್ ಗೌರಸ್ ಅನ್ನುವಾಗ 'ಬಾಸ್' ಪದವೇ ದನ ಅಂತ ಹೇಳಿಬಿಡುತ್ತೆ. ಮುಳ್ಳುಹಂದಿ ಹಂದಿಯಾ?

ಸಿಟಿಮಾರ್ಕೆಟ್
ಹುಲಿಯ ಪ್ಯಾಂಥೆರಾ ಅಂದರೆ ಪ್ಯಾನ್ 'ಎಲ್ಲ', ಥೆರ್ 'ಮೃಗ'. ಎಲ್ಲ ಮೃಗಗಳನ್ನೂ ಬೇಟೆಯಾಡುವುದು. ಸಕತ್ತಾಗಿದೆ ಅಲ್ವಾ?

ದೂರ್ಬೀನು
ಸಕತ್ತಾಗಿದೆ, ಆದರೆ ಸರಿಯಲ್ಲ. ಪ್ಯಾಂಥೆರ್ ಎಂಬುದು ಗ್ರೀಕರು ಚಿರತೆಯಂಥ ಮೃಗಕ್ಕೆ ಬಳಸುತ್ತಿದ್ದ ಇಡೀ ಪದ. ಅದನ್ನು ಎರಡಾಗಿ ಸೀಳಿ ಅರ್ಥ ಹಚ್ಚಿದ್ದು ಆಮೇಲಿನವರ ಊಹೆ. ಎಲ್ಲವನ್ನೂ ಬಿಡಿಸಲು ಹೋಗಬಾರದು.

ಸಮಾಸದ ಮೇಷ್ಟ್ರು
ಬಿಡಿಸುವ ಜಾಗ ತಪ್ಪಿದರೂ ಕೆಡುತ್ತದೆ. ಹೆಲಿಕಾಪ್ಟರ್ ಬಿಡಿಸಿ ಅಂದರೆ ಎಲ್ಲರೂ ಹೆಲಿ, ಕಾಪ್ಟರ್ ಅಂತಾರೆ. ಅದು ಹೆಲಿಕೋ, ಪ್ಟೆರ್. ಸುರುಳಿ ರೆಕ್ಕೆ. ಹೊನ್ನೆಯ ಟೆರೋನ್ ಇದೇ. ಸಂಸ್ಕೃತದ ಪತ್ರವೂ ಇದರ ದಾಯಾದಿ. ಪತ್ರ ಎಂದರೆ ಎಲೆಯೂ ಹೌದು, ರೆಕ್ಕೆಯೂ ಹೌದು. ಪೌಸ್ ಪಾದ, ಓಡೋಂಟ್ ದಂತ, ನಿಕ್ಟ್ ನಕ್ತ, ಓಫಿಸ್ ಅಹಿ, ಬೌಸ್ ಗೋವು, ಕ್ಯುಯಾನ್ ಶ್ವಾನ. ಎಲ್ಲ ಒಂದೇ ಮನೆತನ.

ಕುಂಬಳೆ ಕಡೆಯವ
ಮೇಷ್ಟ್ರೇ, ದಾಯಾದಿ ಅಂದದ್ದು ಸರಿ. ಇದನ್ನು ಓದಿ ಯಾರಾದರೂ 'ಗ್ರೀಕ್ ಹುಟ್ಟಿದ್ದೇ ಸಂಸ್ಕೃತದಿಂದ' ಅಂತ ಶುರು ಮಾಡ್ತಾರೆ, ಅದಕ್ಕೆ ಈಗಲೇ ಹೇಳ್ತೀನಿ. ಅಕ್ಕ ತಂಗಿಯರು, ತಾಯಿ ಮಗಳಲ್ಲ.

ಸಮಾಸದ ಮೇಷ್ಟ್ರು
ಒಪ್ಪಿದೆ.

ನರ್ಸಿಂಗ್ ಓದುವ ಹುಡುಗಿ
ಇದೆಲ್ಲ ನಮಗೂ ಉಪಯೋಗ. ಸ್ಟ್ಯಾಫಿಲೊಕಾಕಸ್ ಬರೆಯೋಕೆ ಬರ್ತಿರಲಿಲ್ಲ. ಸ್ಟ್ಯಾಫಿಲೆ ದ್ರಾಕ್ಷಿ ಗೊಂಚಲು, ಕಾಕಸ್ ಕಾಳು ಅಂತ ಸೀನಿಯರ್ ಅಕ್ಕ ಹೇಳಿಕೊಟ್ಟರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಿಜವಾಗಿಯೂ ಗೊಂಚಲು. ಆಮೇಲೆ ಸ್ಪೆಲಿಂಗ್ ತಪ್ಪಲೇ ಇಲ್ಲ.

ಡಬ್ಲಿನ್ ಕನ್ನಡತಿ
ನನ್ನ ಮಗನಿಗೆ ಆರು ವರ್ಷ. ಟ್ರೈಸೆರಾಟಾಪ್ಸ್ ಅಂತ ಸಲೀಸಾಗಿ ಹೇಳ್ತಾನೆ. ಮೂರು, ಕೊಂಬು, ಮುಖ. ಇಲ್ಲಿ ಓದಿದ ಮೇಲೆ ಅವನಿಗೆ ಕನ್ನಡದಲ್ಲಿ 'ಮುಕ್ಕೊಂಬ' ಅಂತ ಹೇಳಿಕೊಟ್ಟೆ. ಬೆಳಗ್ಗೆಯಿಂದ ಮನೆಯಲ್ಲಿ ಮುಕ್ಕೊಂಬ ಓಡಾಡ್ತಿದೆ.

ಹಳ್ಳಿಹೈದ ತಿಪಟೂರು
ರಾಗಿ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೇನು ಹೆಸರು?

ಬಯಾಲಜಿ ಮೇಡಂ
ಇಲ್ಯೂಸಿನೆ ಕೊರಕಾನಾ. ಗ್ರೀಸಿನಲ್ಲಿ ಎಲ್ಯೂಸಿಸ್ ಅಂತ ಊರು, ಧಾನ್ಯದ ದೇವತೆ ಡಿಮೀಟರ್‌ಳ ಕ್ಷೇತ್ರ. ಕೊರಕಾನಾ ಬಂದದ್ದು ಸಿಂಹಳದ ಕುರಕ್ಕನ್ ಎಂಬ ಪದದಿಂದ. ರಾಗಿಗೆ ಶ್ರೀಲಂಕಾದಲ್ಲಿ ಹಾಗಂತಾರೆ. ಬೆಳೆ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ಉಣ್ಣುವವರು ನಾವು. ಇಲ್ಯೂಸಿನೆ ಅನ್ನುವ ಹೆಸರಿಗೂ ಮೊದಲು ಲಿನೇಯಸ್ ಇದನ್ನು ಸೈನೊಸುರಸ್ ಎಂಬ ಕುಲಕ್ಕೆ ಸೇರಿಸಿದ್ದ. ಅಂದರೆ ನಾಯಿಬಾಲ. ರಾಗಿ ತೆನೆ ಕಣ್ಣ ಮುಂದೆ ತಂದುಕೊಳ್ಳಿ.

ಹಳ್ಳಿಹೈದ ತಿಪಟೂರು
ಅನ್ನದ ದೇವತೆಯ ಊರಿನ ಹೆಸರು. ಸರಿ ಮೇಡಂ, ರಾಗಿಯದ್ದಕ್ಕೆ ನನ್ನ ತಕರಾರಿಲ್ಲ.

ವಟಗುಟ್ಟುವ ಕಪ್ಪೆ
ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ ಜಸ್ಟಿಸಿಯಾ ಅಢತೋಡ. ತಮಿಳಿನ 'ಆಡು ತೊಡಾ', ಆಡು ಮುಟ್ಟದ್ದು ಅಂತ ಬಿಡಿಸುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಗೆ ಒಂದು ಸೊಪ್ಪು ತಪ್ಪಿಸಿಕೊಂಡಿದೆ.

ಕೊಪ್ಪದ ತೋಟ
ನಮ್ಮ ಬೇಲಿ ತುಂಬಾ ಅದೇ ಇದೆ. ಆಡು ಬಾಯಿ ಹಾಕಲ್ಲ, ನಿಜ.

ಮಧುಗಿರಿ ಅಪ್ಪ
ಎರಡು ದಿನದಿಂದ ಎಲ್ಲ ಉತ್ತರ ಓದ್ತಾ ಇದ್ದೀವಿ, ಅಪ್ಪ ಮಗಳು ಒಟ್ಟಿಗೆ. ಅವಳು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬಿಡಿ ಪದಗಳ ಪಟ್ಟಿ ಮಾಡಿದ್ದಾಳೆ. ನಿನ್ನೆ ಹೊತ್ತಿಗೆ ಅರವತ್ತೆರಡು ಆಗಿತ್ತು. ರ‍್ಯಾಂಕ್ ಗುರಿ ಸಾರ್ ಹೇಳಿದ ಹಾಗೆ ಚೀಟಿಯನ್ನೂ ಅಂಟಿಸಿದ್ದಾಳೆ, ಗೋಡೆಗಲ್ಲ, ಅಡುಗೆಮನೆ ಡಬ್ಬಿಗಳಿಗೆ. ಮೆಣಸಿನ ಡಬ್ಬಿ ಮೇಲೆ ಪೈಪರ್ ನೈಗ್ರಮ್, ಕೆಳಗೆ 'ಕರಿದು, ನಪುಂಸಕ' ಅಂತ ಬರೆದಿದ್ದಾಳೆ. ಅವಳ ಅಜ್ಜಿ ಬೆಳ್ಳುಳ್ಳಿ ಕೇಳುವಾಗ "ಆ ಸಟೈವಂ ಕೊಡು" ಅನ್ನೋಕೆ ಶುರು ಮಾಡಿದ್ದಾರೆ.

ಕರಿಬೇವಿನ ಹತ್ತಿರ ಮಾತ್ರ ನಿಂತುಬಿಟ್ಟಳು. ಮುರ್ರಾಯಾ ಕೊಯೆನಿಗೀ. ಎಷ್ಟು ಸಲ ಬಿಡಿಸಿದರೂ ಪಟ್ಟಿಯ ಯಾವ ಪದವೂ ಸಿಗುತ್ತಿಲ್ಲ. ಹೇಗೆ ಬಿಡಿಸಬೇಕು?

ಬಯಾಲಜಿ ಮೇಡಂ
ಸಿಗಲ್ಲ, ಯಾಕೆಂದರೆ ಎರಡೂ ಮನುಷ್ಯರ ಹೆಸರು. ಮುರ್ರೆ ಮತ್ತು ಕೊಯೆನಿಗ್, ಇಬ್ಬರೂ ಲಿನೇಯಸ್‌ನ ಶಿಷ್ಯರು. ಕೊಯೆನಿಗ್ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ದಕ್ಷಿಣ ಭಾರತದ ಗಿಡಗಳನ್ನು ಕಲೆಹಾಕಿದವನು. ಈಗ ಮೊದಲ ಪದವನ್ನು ಬದಲಿಸಿ ಬರ್ಗೆರಾ ಕೊಯೆನಿಗೀ ಅಂತಲೂ ಬರೆಯುತ್ತಾರೆ. ಅವಳ ಪಟ್ಟಿಗೆ ಇಲ್ಲಿ ಸಿಗುವುದು ಕೊನೆಯ 'ಈ' ಒಂದೇ. ಗಂಡಸಿನ ಹೆಸರಿನ ಮುಂದೆ ಬಂದರೆ 'ಅವನ' ಅಂತ ಅರ್ಥ. ಹೆಂಗಸಿನ ಹೆಸರಾದರೆ ಬಾಲ ಬೇರೆ.

ಮಧುಗಿರಿ ಅಪ್ಪ
ಓದಿ ಹೇಳಿದೆ ಮೇಡಂ. ತಕ್ಷಣ "ಅಪ್ಪಾ, ಅದು ಷಷ್ಠಿ ವಿಭಕ್ತಿ! ಕೊಯೆನಿಗನ ಕರಿಬೇವು" ಅಂದಳು. ಅರವತ್ತಮೂರನೆಯದು ಅಂತ ಬರೆದುಕೊಂಡಳು.